ಕ್ಲಬ್ ರೇಸಿಗೆ ಶಾರ್ಟ್ ಕೋರ್ಸ್ ಟ್ರಕ್: ಇರೋ ಸ್ಲ್ಯಾಶನ್ನೇ ಸರಿ ಮಾಡ್ಕೊಳ್ಳೋದಾ, ಹೊಸ ಕಿಟ್ ತಗೊಳ್ಳೋದಾ?

ಹಾಸನ್_ಫ್ರಿಸ್ಕೊ:

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಪಕ್ಕದ ಫ್ರಿಸ್ಕೊದಲ್ಲಿದ್ದೇನೆ. ಆರ್‌ಸಿ, ಅಂದ್ರೆ ರಿಮೋಟ್ ಕಂಟ್ರೋಲ್ ಗಾಡಿ ಮಾಡುವ ಟ್ರಾಕ್ಸಾಸ್ ಕಂಪನಿ ಇರುವ ಮೆಕಿನಿ ಇಲ್ಲಿಗೆ ಹತ್ತಿರ. ಹಾಗಾಗಿ ಈ ಕಡೆ ಯಾವ ಪಾರ್ಕಿಗೆ ಹೋದರೂ ಅವರ ಶಾರ್ಟ್ ಕೋರ್ಸ್ ಟ್ರಕ್ಕು (ಜಂಪ್ ಇರುವ ಮಣ್ಣಿನ ಟ್ರ್ಯಾಕಿನ ರೇಸ್ ಟ್ರಕ್ಕಿನ ಚಿಕ್ಕ ರೂಪ) ಸ್ಲ್ಯಾಶ್ ಒಂದು ಓಡುತ್ತಿರುತ್ತದೆ. ನಮ್ಮ ಮನೆಯಲ್ಲೂ ಒಂದಿದೆ. ಟೂ ವೀಲ್ ಡ್ರೈವ್, ಎಕ್ಸ್‌ಎಲ್-5 ಸ್ಪೀಡ್ ಕಂಟ್ರೋಲರ್, ಜೊತೆಗೇ ಬಂದ 12 ಟರ್ನಿನ (ತಂತಿ 12 ಸುತ್ತು ಸುತ್ತಿದ) ಟೈಟನ್ ಮೋಟಾರು. ಮಗನಿಗೆ ಅಂತ ತಂದಿದ್ದು, ಈಗ ಅವನಿಗಿಂತ ನನಗೇ ಜಾಸ್ತಿ ಹುಚ್ಚು ಹಿಡಿದಿದೆ.

ಈಚೆಗೆ ಶುಕ್ರವಾರ ಸಂಜೆ ಇಲ್ಲಿನ ಒಂದು ಕ್ಲಬ್ಬಿಗೆ ಹೋಗ್ತಾ ಇದ್ದೇವೆ. ಒಳಾಂಗಣ ಜೇಡಿಮಣ್ಣಿನ ಟ್ರ್ಯಾಕು. ಬೀದಿಯಲ್ಲಿ ಮಜಾ ಕೊಡುತ್ತಿದ್ದ ಟ್ರಕ್ಕು ಅಲ್ಲಿ ಬೇರೆ ಥರಾನೇ ಆಡುತ್ತದೆ. ಜಂಪ್ ಬಿಟ್ಟ ಕೂಡಲೇ ಮೂತಿ ಮೇಲಕ್ಕೆ ಏಳುತ್ತೆ. ಹಿಡಿತ ಚೆನ್ನಾಗಿರುವ ತಿರುವಿನಲ್ಲಿ ಒಳಗಿನ ಚಕ್ರ ಎತ್ತಿ ಮಗುಚಿಕೊಳ್ಳುತ್ತೆ.

ಮೂರು ದಾರಿ ಕಾಣ್ತಿವೆ. ಒಂದು, ಇದೇ ಸ್ಲ್ಯಾಶಿಗೆ ಖರ್ಚು ಮಾಡೋದು. ಎರಡು, ಟೀಮ್ ಅಸೋಸಿಯೇಟೆಡ್‌ನ ಎಸ್‌ಸಿ6 ಸಾಲಿನ ಒಂದು ಕಿಟ್, ಅಂದ್ರೆ ನಾವೇ ಜೋಡಿಸ್ಕೋಬೇಕಾದ ಟೂ ವೀಲ್ ಟ್ರಕ್ಕು. ಮೂರು, ಟೆಕ್ನೊ ಎಸ್‌ಸಿಟಿ410, ಫೋರ್ ವೀಲ್ ಡ್ರೈವ್. ಎಲ್ಲಾ ಸೇರಿ 600 ಡಾಲರ್ ಒಳಗೆ ಮುಗಿಸಬೇಕು ಅಂತ ಮನೆಯಲ್ಲಿ ಮಾತಾಗಿದೆ. ಅನುಭವ ಇರೋರು ದಯವಿಟ್ಟು ಹೇಳಿ.

ಕೆಮ್ಮಣ್ಣು:

ಫೀನಿಕ್ಸ್‌ನಿಂದ ಬರೀತಿದ್ದೇನೆ. ಟ್ರಕ್ ಹೋಲಿಸೋಕೆ ಮುಂಚೆ ಒಂದು ಪ್ರಶ್ನೆ. ನಿಮ್ಮ ಕ್ಲಬ್ಬಿನಲ್ಲಿ ಯಾವ ಕ್ಲಾಸುಗಳು ನಡೆಯುತ್ತವೆ? ಪ್ರತಿ ಕ್ಲಾಸಿಗೆ ಎಷ್ಟು ಜನ ಬರ್ತಾರೆ? ಇದು ಗೊತ್ತಾಗದೆ ಯಾವ ಟ್ರಕ್ ಒಳ್ಳೇದು ಅಂತ ಹೇಳೋಕೆ ಆಗಲ್ಲ.

ಯಾಕೆ ಅಂದ್ರೆ, ಎಷ್ಟೋ ಕ್ಲಬ್ಬುಗಳಲ್ಲಿ ಸ್ಪೆಕ್ ಸ್ಲ್ಯಾಶ್ ಅಂತ ಒಂದು ಕ್ಲಾಸು ಇರುತ್ತದೆ. ಡಬ್ಬಿಯಿಂದ ಬಂದ ಹಾಗೆಯೇ ಓಡಿಸಬೇಕು. ಮೋಟಾರು ಅದೇ, ಛಾಸಿ ಅದೇ, ಕೆಲವು ಕಡೆ ಟಯರೂ ಎಲ್ಲರಿಗೂ ಒಂದೇ. ನೀವು ಇವತ್ತು ಉತ್ಸಾಹದಲ್ಲಿ ಅಲ್ಯೂಮಿನಿಯಂ ಪಾರ್ಟುಗಳನ್ನೂ ಬ್ರಶ್‌ಲೆಸ್ (ಒಳಗೆ ಬ್ರಶ್ ಇಲ್ಲದ, ಹೆಚ್ಚು ಸ್ಪೀಡಿನ) ಮೋಟಾರನ್ನೂ ಹಾಕಿದರೆ ಆ ಕ್ಲಾಸಿನಿಂದ ಹೊರಗೆ ಬೀಳ್ತೀರಿ. ಆಗ ಎಸ್‌ಸಿ6 ಇಟ್ಕೊಂಡವರ ಜೊತೆ ಓಡಿಸಬೇಕು. ಅಲ್ಲಿ ಸ್ಲ್ಯಾಶ್ ಎಷ್ಟು ಮಾಡಿದರೂ ಹಿಂದೆಯೇ. ಎರಡೂ ಕಡೆ ಸಲ್ಲದ ಟ್ರಕ್ಕಿಗೆ ದುಡ್ಡು ಸುರಿಯೋದು ಬೇಡ. ನಿಯಮದ ಹಾಳೆ ತಂದು ಇಲ್ಲಿ ಹಾಕಿ.

ಈ ಇಡೀ ಕ್ಲಾಸು ಹುಟ್ಟಿದ್ದೇ ಸ್ಲ್ಯಾಶ್‌ನಿಂದ. 2008ರಲ್ಲಿ ಅದು ಬಂತು. ಓಡಿಸೋಕೆ ಸಿದ್ಧವಾಗಿದ್ದ, ಪೆಟ್ಟು ತಡೆಯುವ, ಕೈಗೆಟುಕುವ ಬೆಲೆಯ ಟ್ರಕ್ಕು. ಜನ ಅದನ್ನೇ ಎತ್ತಿಕೊಂಡು ಕ್ಲಬ್ಬಿಗೆ ಬಂದರು, ಕ್ಲಬ್ಬುಗಳು ಅದಕ್ಕಾಗಿಯೇ ಕ್ಲಾಸು ಮಾಡಿದವು. ಅಸೋಸಿಯೇಟೆಡ್, ಲೋಸಿ ಎಲ್ಲಾ ಆಮೇಲೆ ಬಂದವು. ಹಾಗಾಗಿ ಸ್ಲ್ಯಾಶ್ ಆಟದ ಸಾಮಾನು ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸ್ಕೋಬೇಡಿ.

ಮೈಸೂರ್_ಮಿಲ್ವಾಕಿ:

ಕೆಮ್ಮಣ್ಣು ಅಣ್ಣ ಹೇಳಿದ್ದು ಸರಿ. ನಾನು ಮೂತಿ ಏಳುವ ವಿಷಯಕ್ಕೆ ಬರ್ತೀನಿ.

ನಮ್ಮ ವಿಸ್ಕಾನ್ಸಿನ್‌ನ ಉತ್ತರದಲ್ಲಿ ಕ್ರ್ಯಾಂಡನ್ ಅಂತ ಊರಿದೆ. ನಿಜವಾದ ಶಾರ್ಟ್ ಕೋರ್ಸ್ ಟ್ರಕ್ಕುಗಳ ದೊಡ್ಡ ರೇಸು ಸೆಪ್ಟೆಂಬರ್ ಶುರುವಿನ ಲೇಬರ್ ಡೇ ವಾರಾಂತ್ಯದಲ್ಲಿ ಅಲ್ಲೇ ನಡೆಯುತ್ತದೆ. ಟ್ರಕ್ಕುಗಳೆಲ್ಲ ಅಕ್ಕಪಕ್ಕ ಒಂದೇ ಸಾಲಲ್ಲಿ ನಿಂತು, ಬಾವುಟ ಬಿದ್ದ ಕೂಡಲೇ ಒಟ್ಟಿಗೆ ಮೊದಲ ತಿರುವಿಗೆ ನುಗ್ಗುತ್ತವೆ. ಪ್ರೊ 2 ಅಂದ್ರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್. ಪ್ರೊ 4 ಅಂದ್ರೆ ನಾಲ್ಕಕ್ಕೂ. ನಮ್ಮ ಆರ್‌ಸಿಯ ಟೂ ವೀಲ್, ಫೋರ್ ವೀಲ್ ಕ್ಲಾಸುಗಳು ಅದೇ ಅಚ್ಚು. ಅಲ್ಲಿ ಟ್ರಕ್ಕುಗಳು ಒಂದಕ್ಕೊಂದು ಉಜ್ಜಿಕೊಂಡೇ ಓಡುತ್ತವೆ. ಬಾಡಿ ಚಕ್ರವನ್ನು ಮುಚ್ಚಿಕೊಂಡಿರುವುದರಿಂದ ಚಕ್ರಕ್ಕೆ ಚಕ್ರ ಸಿಕ್ಕಿಕೊಳ್ಳಲ್ಲ. ಆರ್‌ಸಿಯಲ್ಲೂ ಅದೇ ಲಾಭ. ಬಗ್ಗಿ (ಚಕ್ರ ಬಯಲಾಗಿರುವ ಹಗುರ ಗಾಡಿ) ರೇಸಿನಲ್ಲಿ ಟಯರ್ ತಾಗಿದರೆ ಒಂದು ಗಾಡಿ ಹಾರಿಹೋಗುತ್ತೆ. ಇಲ್ಲಿ ಒರೆಸಿಕೊಂಡು ಮುಂದೆ ಹೋಗಬಹುದು.

ಆದರೆ ಅದೇ ದೊಡ್ಡ ಬಾಡಿ ಗಾಳಿಯಲ್ಲಿ ಶತ್ರು. ಜಂಪ್‌ನಲ್ಲಿ ಮುಂದಿನಿಂದ ಒಳಗೆ ನುಗ್ಗಿದ ಗಾಳಿಗೆ ಹಿಂದಿನಿಂದ ಹೊರಗೆ ಹೋಗೋಕೆ ಜಾಗ ಇಲ್ಲ. ಬಿಚ್ಚಿದ ಕೊಡೆಯ ಹಾಗೆ ಬಾಡಿ ಎತ್ತಿಕೊಳ್ಳುತ್ತೆ. ಪರಿಹಾರಕ್ಕೆ ಕಾಸು ಖರ್ಚಿಲ್ಲ, ಬಾಡಿಗೆ ಕಿಂಡಿ ಮಾಡಬೇಕು ಅಷ್ಟೆ. ಹಿಂದಿನ ಚಕ್ರದ ಹಿಂಬದಿಯ ಪಕ್ಕದ ಫಲಕಗಳು, ಹಿಂದಿನ ಕಿಟಕಿ, ಟ್ರಕ್ ತೊಟ್ಟಿಯ ಹಿಂಗೋಡೆ, ಈ ಮೂರು ಜಾಗ. ಮೊದಲು ಮಾರ್ಕರ್‌ನಲ್ಲಿ ಗೆರೆ ಎಳೀರಿ. ಮೂಲೆಗಳಲ್ಲಿ ರೀಮರ್‌ನಿಂದ ದುಂಡಗೆ ತೂತು ಮಾಡಿ, ಆಮೇಲೆ ಬಾಗಿದ ಕತ್ತರಿಯಿಂದ ತೂತಿನಿಂದ ತೂತಿಗೆ ಕತ್ತರಿಸಿ. ಮೂಲೆ ಚೂಪಾಗಿ ಬಿಟ್ಟರೆ ಮುಂದಿನ ಪೆಟ್ಟಿಗೆ ಅಲ್ಲಿಂದಲೇ ಬಿರುಕು ಓಡುತ್ತೆ. ಒಳಗಿನಿಂದ ಅಂಚಿಗೆ ಡ್ರೈವಾಲ್ ಜಾಲರಿ ಟೇಪ್ ಅಂಟಿಸಿ, ಮೇಲೆ ಶೂ ಗೂ ಅಂಟನ್ನು ಬೆರಳಲ್ಲಿ ತೆಳ್ಳಗೆ ಸವರಿ ಒಂದು ರಾತ್ರಿ ಒಣಗಲು ಬಿಡಿ. ಬಣ್ಣ ಬಾಡಿಯ ಒಳಮೈಗೆ ಇರೋದರಿಂದ ಹೊರಗಿನ ಅಂದ ಕೆಡಲ್ಲ.

ಮಣ್ಣು ತಡೆಯೋಕೆ ಹಿಂದೆ ನೇತಾಡುವ ಮಡ್ ಫ್ಲ್ಯಾಪ್ ಇದೆಯಲ್ಲ, ಅದನ್ನೂ ನಿಯಮ ಬಿಟ್ಟರೆ ತೆಗೆದುಬಿಡಿ.

ಹಾಸನ್_ಫ್ರಿಸ್ಕೊ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಿಯಮದ ಹಾಳೆ ಸಿಕ್ಕಿತು. ಮೂರು ಕ್ಲಾಸು. ಸ್ಪೆಕ್ ಸ್ಲ್ಯಾಶ್‌ಗೆ ಮೋಟಾರು, ಸ್ಪೀಡ್ ಕಂಟ್ರೋಲರ್, ಛಾಸಿ ಎಲ್ಲಾ ಮೂಲದ್ದೇ. ಶಾಕ್ ಅಬ್ಸಾರ್ಬರ್ ಆಯಿಲ್, ಸ್ಪ್ರಿಂಗು, ಪಿನಿಯನ್ (ಮೋಟಾರಿನ ಚಿಕ್ಕ ಗೇರು) ಬದಲಿಸಬಹುದು. ಬಾಡಿಗೆ ಕಿಂಡಿ ಮಾಡಬಹುದು. ಟಯರು ಅವರು ಹೇಳಿದ್ದೇ. ಎರಡನೇದು 17.5 ಟರ್ನಿನ ಟೂ ವೀಲ್, ಬ್ಲಿಂಕಿ ಅಂತ ಬರೆದಿದ್ದಾರೆ. ಮೂರನೇದು ಫೋರ್ ವೀಲ್, ಮೋಟಾರಿಗೆ ಮಿತಿ ಇಲ್ಲ, ಬ್ಯಾಟರಿ 2ಎಸ್ (ಎರಡು ಸೆಲ್) ಮಾತ್ರ. ಸ್ಪೆಕ್ ಸ್ಲ್ಯಾಶ್‌ಗೆ ಎರಡು ಹೀಟ್ (ಗುಂಪಾಗಿ ಓಡಿಸುವ ಅರ್ಹತಾ ಸುತ್ತು) ಆಗೋವಷ್ಟು ಜನ. ಫೋರ್ ವೀಲ್ ಕೆಲವು ಶುಕ್ರವಾರ ನಡೆಯೋದೇ ಇಲ್ಲ.

ಬ್ಲಿಂಕಿ ಅಂದ್ರೆ ಏನು?

ಕೆಮ್ಮಣ್ಣು:

ಸ್ಪೀಡ್ ಕಂಟ್ರೋಲರ್ ಒಳಗಿನ ಟೈಮಿಂಗ್ (ಮೋಟಾರಿಗೆ ಕರೆಂಟು ಸ್ವಲ್ಪ ಮುಂಚೆ ಕೊಟ್ಟು ಸ್ಪೀಡು ಏರಿಸೋದು) ಸೊನ್ನೆಗೆ ಇಟ್ಟಿರಬೇಕು, ಅದೇ ಬ್ಲಿಂಕಿ. ಆ ಮೋಡ್‌ನಲ್ಲಿದ್ದರೆ ಅದರ ಎಲ್‌ಇಡಿ ಮಿಣುಕುತ್ತಿರುತ್ತದೆ. ನಿಯಮದ ಪ್ರಕಾರ ಗಾಡಿ ಪರೀಕ್ಷೆ ಮಾಡುವವರು ಒಂದು ಸಲ ನೋಡಿದರೆ ಸಾಕು, ಯಾರೂ ಒಳಗಿಂದ ಹೆಚ್ಚುವರಿ ಟೈಮಿಂಗ್ ಕೊಟ್ಟಿಲ್ಲ ಅಂತ ಗೊತ್ತಾಗುತ್ತೆ. ಮೋಟಾರಿನ ಹಿಂಭಾಗ ತಿರುಗಿಸಿ ಕೊಡುವ ಟೈಮಿಂಗ್ ಬೇರೆ, ಅದಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಆ ಹಾಳೆಯಲ್ಲೇ ಸಿಕ್ಕಿತು ನೋಡಿ. ಜನ ಸ್ಪೆಕ್ ಸ್ಲ್ಯಾಶ್‌ನಲ್ಲಿದ್ದಾರೆ, ಟ್ರಕ್ ನಿಮ್ಮ ಹತ್ತಿರ ಇದೆ. ಈ ಸೀಸನ್ ಅಲ್ಲೇ ಓಡಿಸಿ.

ಪಿನಿಯನ್_ಪುಟ್ಟ:

ನಾನು ಸ್ಯಾನ್ ಹೊಸೆ. ಅಣ್ಣನ ಮಾತಿಗೆ ಸ್ವಲ್ಪ ತಕರಾರಿದೆ. ಸ್ಟಾಕ್ ಬ್ರಶ್ಡ್ ಮೋಟಾರಲ್ಲಿ ಒಂದು ಸೀಸನ್ ಕಳೆದರೆ ಬೇಜಾರಾಗಲ್ವಾ? ಟ್ರಾಕ್ಸಾಸ್‌ನ ವೆಲಿನಿಯನ್ 3500 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ ಅಷ್ಟು ಸುತ್ತು) ಬ್ರಶ್‌ಲೆಸ್ ಸಿಸ್ಟಮ್ ಹಾಕಿ, 3ಎಸ್ ಬ್ಯಾಟರಿ ಕೊಟ್ಟು ನೋಡಿ. ನೇರ ದಾರಿಯಲ್ಲಿ ಯಾರೂ ಹತ್ತಿರ ಬರಲ್ಲ. ಆರ್‌ಸಿ ಅಂದ್ರೆ ಸ್ಪೀಡು ಬೇಕಲ್ವಾ?

ಮಲೆನಾಡಿನವಳು:

ಪುಟ್ಟ, ಪಾರ್ಕಿಂಗ್ ಜಾಗದಲ್ಲಿ ಅದು ಸರಿ, ಖುಷಿಯೂ ಹೌದು. ಕ್ಲಬ್ ಟ್ರ್ಯಾಕಿನಲ್ಲಿ ಲೆಕ್ಕ ಬೇರೆ. ಒಂದು ಹೀಟು 5 ನಿಮಿಷ ಅಂತ ಇಟ್ಕೋ. ಲ್ಯಾಪ್ 20 ಸೆಕೆಂಡ್ ಆದರೆ 15 ಲ್ಯಾಪ್. ಒಂದೇ ಒಂದು ಸಲ ಮಗುಚಿಬಿದ್ದು ಮಾರ್ಷಲ್ ಬಂದು ಎತ್ತಿಡುವ ಹೊತ್ತಿಗೆ 6 ಸೆಕೆಂಡ್ ಹೋಯ್ತು. ಅದನ್ನು ವಾಪಸ್ ಪಡೀಬೇಕು ಅಂದ್ರೆ 15 ಲ್ಯಾಪಿನಲ್ಲೂ ತಲಾ 0.4 ಸೆಕೆಂಡ್ ಬೇಗ ಓಡಿಸಬೇಕು. ಚಿಕ್ಕ ಟ್ರ್ಯಾಕಿನಲ್ಲಿ ಬರೀ ಮೋಟಾರಿನಿಂದ ಅಷ್ಟು ಸಿಗಲ್ಲ. ಬದಲಿಗೆ ಆ ಮೋಟಾರು ಇನ್ನೆರಡು ಸಲ ಮಗುಚಿಸುತ್ತೆ.

ನಾನು ಸ್ಯಾನ್ ಡಿಯಾಗೊ ಕಡೆ ಫೋರ್ ವೀಲ್ ಓಡಿಸ್ತೀನಿ. ಹೀಟು ಮುಗಿದ ಮೇಲೆ ಟ್ರಾನ್ಸ್‌ಪಾಂಡರ್‌ನ (ಲ್ಯಾಪ್ ಸಮಯ ಎಣಿಸಲು ಗಾಡಿಯಲ್ಲಿ ಇಡುವ ಸಾಧನ) ಲ್ಯಾಪ್ ಹಾಳೆ ನೋಡೋದು ನನ್ನ ಅಭ್ಯಾಸ. ಎಲ್ಲರೂ ಮೊದಲು ತಮ್ಮ ಬೆಸ್ಟ್ ಲ್ಯಾಪ್ ನೋಡ್ತಾರೆ. ನಾನು ಅತಿ ಕೆಟ್ಟ ಲ್ಯಾಪುಗಳನ್ನು ನೋಡ್ತೀನಿ. ಬೆಸ್ಟ್ ಲ್ಯಾಪಿಗೂ ಸರಾಸರಿಗೂ ನಡುವೆ ಅಂತರ ದೊಡ್ಡದಿದ್ದರೆ ಟ್ರಕ್ಕಿಗೆ ಸ್ಪೀಡು ಬೇಕಾಗಿಲ್ಲ, ಸ್ಥಿರತೆ ಬೇಕು. ಅದು ಬರೋದು ಟಯರು, ಶಾಕು, ಡಿಫ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು), ಈ ಮೂರರಿಂದ. ಮೋಟಾರು ಕೊನೆಗೆ.

ಪಿನಿಯನ್_ಪುಟ್ಟ:

ಅಕ್ಕ, ಲ್ಯಾಪ್ ಲೆಕ್ಕ ಒಪ್ಪಿದೆ. ಹಾಗಾದ್ರೆ ಸ್ಪೆಕ್‌ನಲ್ಲಿ ಪಿನಿಯನ್ ಆದರೂ ಬದಲಿಸಬಹುದಲ್ವಾ? ಅವರ ಹಾಳೆಯಲ್ಲಿ ಅವಕಾಶ ಇದೆ.

ಕೆಮ್ಮಣ್ಣು:

ಅದನ್ನು ಖಂಡಿತ ಮಾಡಬೇಕು, ಆದರೆ ಲೆಕ್ಕ ಹಾಕಿ. ಟೂ ವೀಲ್ ಸ್ಲ್ಯಾಶ್‌ಗೆ 86 ಹಲ್ಲಿನ ಸ್ಪರ್ (ಪಿನಿಯನ್ ತಿರುಗಿಸುವ ದೊಡ್ಡ ಗೇರು), 19 ಹಲ್ಲಿನ ಪಿನಿಯನ್ ಜೊತೆಗೆ ಬರುತ್ತದೆ. 86ನ್ನು 19ರಿಂದ ಭಾಗಿಸಿ, ಗೇರ್‌ಬಾಕ್ಸಿನ 2.72ರಿಂದ ಗುಣಿಸಿದರೆ 12.3. ಅಂದ್ರೆ ಮೋಟಾರು 12.3 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಪಿನಿಯನ್ 21 ಹಲ್ಲಿಗೆ ಏರಿಸಿದರೆ ಅದು 11.1ಕ್ಕೆ ಇಳಿಯುತ್ತದೆ. ನೇರ ದಾರಿಯ ಸ್ಪೀಡು ಏರುತ್ತೆ, ತಿರುವಿನಿಂದ ಎದ್ದು ಹೊರಡುವ ಎಳೆತ ಕಡಿಮೆಯಾಗುತ್ತೆ, ಮೋಟಾರು ಹೆಚ್ಚು ಬಿಸಿಯಾಗುತ್ತೆ. ಬಿಗಿ ತಿರುವು ಜಾಸ್ತಿ ಇರುವ ಟ್ರ್ಯಾಕಾದರೆ 19ರಲ್ಲೇ ಇರಿ, ಅಥವಾ ಒಂದು ಹಲ್ಲು ಕೆಳಗೆ ಬನ್ನಿ.

ಪ್ರತಿ ಸಲ ಒಂದೇ ಹಲ್ಲು ಬದಲಿಸಿ. ಹೀಟು ಮುಗಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಮೋಟಾರಿನ ಬಿಸಿ ನೋಡಿ. 70ರಿಂದ 80 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ಸ್ಪರ್‌ಗೂ ಪಿನಿಯನ್‌ಗೂ ನಡುವೆ ಒಂದು ತೆಳು ಕಾಗದದ ಪಟ್ಟಿ ಇಟ್ಟು ಒತ್ತಿ ಹಿಡಿದು ಮೋಟಾರಿನ ಸ್ಕ್ರೂ ಬಿಗಿ ಮಾಡಿ. ಆಮೇಲೆ ಕಾಗದ ತಿರುಗಿಸಿ ತೆಗೆದರೆ ಅಂತರ ಸರಿಯಾಗಿರುತ್ತೆ. ಬೆರಳಲ್ಲಿ ಸ್ಪರ್ ಹಿಡಿದು ಅಲ್ಲಾಡಿಸಿದಾಗ ಸಣ್ಣ ಟಿಕ್ ಟಿಕ್ ಕೇಳಬೇಕು. ಏನೂ ಕೇಳದಿದ್ದರೆ ಬಿಗಿ ಜಾಸ್ತಿಯಾಗಿದೆ.

ಇನ್ನೊಂದು, ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕುವವರು ಎಕ್ಸ್‌ಎಲ್-5ರ ಎಲ್‌ಇಡಿ ನೋಡಲೇಬೇಕು. ಹಸಿರು ಇದ್ದರೆ ಕಡಿಮೆ ವೋಲ್ಟೇಜಿನ ರಕ್ಷಣೆ ಆನ್ ಆಗಿದೆ. ಕೆಂಪು ಇದ್ದರೆ ಆಫ್. ಕೆಂಪಿನಲ್ಲಿ ಲೈಪೋ ಓಡಿಸಿದರೆ ಸೆಲ್ ಖಾಲಿಯಾಗುವ ತನಕ ಹೀರಿಕೊಂಡು ಬ್ಯಾಟರಿಯೇ ಹೋಗುತ್ತೆ, ಅಪಾಯವೂ ಹೌದು. ಮನೆಯಲ್ಲಿ ಇಡುವಾಗ ಒಂದು ಸೆಲ್ಲಿಗೆ 3.8 ವೋಲ್ಟಿಗೆ ತಂದು ಇಡಿ. ಮಗು ಇರುವ ಮನೆಯಲ್ಲಿ ಚಾರ್ಜಿಗೆ ಹಾಕಿ ಹೊರಗೆ ಹೋಗೋ ಅಭ್ಯಾಸ ಬೇಡವೇ ಬೇಡ.

ಯಲಹಂಕ_ಆರ್‌ಸಿ:

ಅಮೆರಿಕದವರ ಮಧ್ಯೆ ಬೆಂಗಳೂರಿನವನೂ ಒಂದು ಮಾತು ಕೇಳಬಹುದಾ ಸಾರ್? ನಮ್ಮಲ್ಲಿ ಸಕ್ಕರೆ ನೀರು ಹಾಕಿ ಗಟ್ಟಿ ಮಾಡಿದ ಟ್ರ್ಯಾಕೆಲ್ಲಾ ಇಲ್ಲ. ಯಲಹಂಕದ ಆಚೆ ಖಾಲಿ ಜಾಗದಲ್ಲಿ ಕೋನ್ ಇಟ್ಟು, ಗುದ್ದಲಿ ಹಿಡಿದು ನಾವೇ ದಿಬ್ಬ ಮಾಡಿ ಓಡಿಸ್ತೀವಿ. ಮೇಲೆ ಸಡಿಲ ಮಣ್ಣು, ಮಧ್ಯೆ ಮಧ್ಯೆ ಕಲ್ಲು. ಪಾರ್ಟು ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಸುಂಕ ಸೇರಿ ಬೆಲೆ ಎಲ್ಲೋ ಹೋಗುತ್ತೆ. ಲೈಪೋ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸಲು ಹಲವರು ಒಪ್ಪೋದೇ ಇಲ್ಲ. ನಮಗೆ ಯಾವ ಟ್ರಕ್ ಸರಿ?

ಮೈಸೂರ್_ಮಿಲ್ವಾಕಿ:

ಕೇಳಿ ಮಾರಾಯ್ರೆ, ಅದಕ್ಕೇ ಅಲ್ವಾ ನಾವೆಲ್ಲ ಇಲ್ಲಿರೋದು! ನಿಮಗೆ ಸ್ಲ್ಯಾಶ್ ಥರದ್ದೇ ಸರಿ. ಅದಕ್ಕೆ ಕಾರಣವೂ ಇದೆ.

ಹಳೇ ಮಾದರಿಯ ಟ್ರಕ್ಕುಗಳಲ್ಲಿ, ಸ್ಲ್ಯಾಶ್ ಆಗಲಿ, 2009ರಲ್ಲಿ ಬಂದ ಅಸೋಸಿಯೇಟೆಡ್‌ನ ಎಸ್‌ಸಿ10 ಆಗಲಿ, ಮೋಟಾರು ಹಿಂದಿನ ಆಕ್ಸಲ್‌ಗಿಂತ ಹಿಂದೆ ಕೂತಿರುತ್ತದೆ. ತೂಕ ಹಿಂಚಕ್ರದ ಮೇಲೆ ಬೀಳುತ್ತೆ. ಸಡಿಲ ಮಣ್ಣಿನಲ್ಲಿ ಅದೇ ಹಿಡಿತ ಕೊಡೋದು. ಅವರದೇ ಎಸ್‌ಸಿ5ಎಂ ಬಂದ ಮೇಲೆ ಮೋಟಾರು ಆಕ್ಸಲ್ ಮುಂದಕ್ಕೆ, ಗಾಡಿಯ ಮಧ್ಯಕ್ಕೆ ಬಂತು. ಹಿಡಿತ ಮೊದಲೇ ಚೆನ್ನಾಗಿರುವ ಗಟ್ಟಿ ಜೇಡಿಮಣ್ಣು, ಕಾರ್ಪೆಟ್ ಟ್ರ್ಯಾಕುಗಳಲ್ಲಿ ಆ ಜೋಡಣೆಯಿಂದ ಸ್ಟೀರಿಂಗ್ ಚುರುಕಾಗುತ್ತೆ. ನಿಮ್ಮ ದೂಳಿನ ಜಾಗದಲ್ಲಿ ಅದೇ ಗಾಡಿ ಹಿಂಬದಿ ಜಾರಿ ಗರಗರ ತಿರುಗುತ್ತೆ. ಹೊಸದೇ ಯಾವಾಗಲೂ ಒಳ್ಳೇದು ಅನ್ನೋ ಮಾತು ಇಲ್ಲಿ ನಡೆಯಲ್ಲ.

ಕಲ್ಲು ಇರೋದರಿಂದ ಮುಂದಿನ ಎ-ಆರ್ಮ್‌ಗಳ (ಚಕ್ರವನ್ನು ಛಾಸಿಗೆ ಜೋಡಿಸುವ ತೋಳು) ಕಡೆ ಗಮನ ಕೊಡಿ. ಆರ್‌ಪಿಎಂ ಕಂಪನಿಯ ನೈಲಾನ್ ಆರ್ಮ್‌ಗಳು ಬಾಗಿ ಮತ್ತೆ ನೆಟ್ಟಗಾಗುತ್ತವೆ. ಅಲ್ಯೂಮಿನಿಯಂ ಆರ್ಮ್ ನೋಡೋಕೆ ಚೆಂದ, ಆದರೆ ಪೆಟ್ಟು ಬಿದ್ದಾಗ ಅದು ಬಾಗಲ್ಲ, ಪೆಟ್ಟನ್ನು ಒಳಗಿನ ಬಲ್ಕ್‌ಹೆಡ್‌ಗೆ (ಆರ್ಮ್ ಕೂರುವ ಭಾಗ) ದಾಟಿಸುತ್ತೆ. ಪಾರ್ಟು ಸಿಗೋದು ಕಷ್ಟ ಇರುವ ಊರಲ್ಲಿ ಇದು ದೊಡ್ಡ ವಿಷಯ. ಒಂದೇ ಸಲ ಆರ್ಡರ್ ಮಾಡುವಾಗ ಬೇರಿಂಗ್ ಸೆಟ್, ಒಂದೆರಡು ಸ್ಪರ್ ಗೇರ್, ಒಂದು ಜೊತೆ ಆರ್ಮ್ ಸೇರಿಸಿಬಿಡಿ. ದೂಳಿಗೆ ಮೊದಲು ಬಲಿಯಾಗೋದು ಬೇರಿಂಗು. ಓಡಿಸಿ ಬಂದ ಮೇಲೆ ಒಣ ಬ್ರಶ್‌ನಲ್ಲಿ ದೂಳು ಕೊಡವಿ, ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಕರಕರ ಅಂದರೆ ಬದಲಿಸುವ ಹೊತ್ತು ಬಂತು.

ಯಲಹಂಕ_ಆರ್‌ಸಿ:

ಅರ್ಥ ಆಯ್ತು ಸಾರ್. ಅಲ್ಯೂಮಿನಿಯಂ ಹಾಕಿಸೋಣ ಅಂತ ಇಲ್ಲಿ ಇಬ್ಬರು ಆಗಲೇ ದುಡ್ಡು ಕೂಡಿಸ್ತಾ ಇದ್ದರು, ಈ ಪೋಸ್ಟ್ ಅವರಿಗೆ ಕಳಿಸ್ತೀನಿ.

ಮಲೆನಾಡಿನವಳು:

ಹಾಸನ್, ನಿಮ್ಮ ಮೂರನೇ ಆಯ್ಕೆ ಟೆಕ್ನೊ ಬಗ್ಗೆ ನಾನು ಹೇಳಬೇಕು. ಓಡಿಸೋಕೆ ನನಗೆ ತುಂಬಾ ಇಷ್ಟವಾದ ಟ್ರಕ್ಕು. 1/8 ಅಳತೆಯ ಬಗ್ಗಿ ಮಾದರಿಯ ದಪ್ಪ ಡ್ರೈವ್‌ಲೈನು, ಮುಂದೆ, ಮಧ್ಯೆ, ಹಿಂದೆ ಮೂರು ಡಿಫ್, ಮೂರರಲ್ಲೂ ಸಿಲಿಕೋನ್ ಆಯಿಲ್. ಎಷ್ಟೋ ಜನ ಮುಂದೆ 5000, ಮಧ್ಯೆ 5000, ಹಿಂದೆ 3000 ದಪ್ಪದ ಆಯಿಲ್‌ನಿಂದ ಶುರು ಮಾಡ್ತಾರೆ. ಗ್ಯಾಸ್ ಕೊಟ್ಟಾಗ ಮುಂದಿನ ಚಕ್ರಗಳು ಸುಮ್ನೆ ತಿರುಗಿ ಟಯರ್ ಉಬ್ಬುತ್ತಿದ್ದರೆ ಮಧ್ಯದ ಆಯಿಲ್ ದಪ್ಪ ಮಾಡಬೇಕು. ತಿರುವಿನಲ್ಲಿ ಹಿಂಬದಿ ಬೇಗ ತಿರುಗಬೇಕು ಅಂದ್ರೆ ಹಿಂದಿನದನ್ನು ತೆಳು ಮಾಡಬೇಕು. ಇದನ್ನೆಲ್ಲ ಕಲಿಯೋದು ಒಂದು ಸಂತೋಷ.

ಸ್ಲ್ಯಾಶ್ ಫೋರ್ ಬೈ ಫೋರ್ ಜೊತೆ ಹೋಲಿಸಿದರೆ ದೊಡ್ಡ ವ್ಯತ್ಯಾಸ ಈ ಮಧ್ಯದ ಡಿಫ್. ಸ್ಲ್ಯಾಶ್‌ನಲ್ಲಿ ಆ ಜಾಗದಲ್ಲಿ ಸ್ಲಿಪ್ಪರ್ ಕ್ಲಚ್ (ಭಾರ ಹೆಚ್ಚಾದಾಗ ಜಾರಿ ಗೇರು ಉಳಿಸುವ ಭಾಗ) ಇರುತ್ತದೆ, ಸೆಂಟರ್ ಡಿಫ್ ಬೇಕಂದ್ರೆ ಬೇರೆ ಕಿಟ್ ತಗೋಬೇಕು. ಹಾಕಿದ ಮೇಲೆ ಗಾಡಿ ಎಷ್ಟೋ ಸೌಮ್ಯವಾಗುತ್ತೆ. ಮನೆ ಹತ್ತಿರ ಆಟ ಆಡೋಕೂ ಬೇಕು, ಆಗೊಮ್ಮೆ ಈಗೊಮ್ಮೆ ರೇಸೂ ಬೇಕು ಅನ್ನುವವರಿಗೆ ಅದು ಒಳ್ಳೇ ದಾರಿ.

ಆದರೆ ನಿಮಗೆ ಈಗ ಇದು ಬೇಡ ಅಂತಲೇ ಹೇಳ್ತೀನಿ. ಎರಡು ಕಾರಣ. ನಿಮ್ಮಲ್ಲಿ ಕ್ಲಾಸೇ ನೆಟ್ಟಗೆ ನಡೆಯಲ್ಲ. ಜೊತೆಗೆ, ಕಿಟ್ ಅಂದ್ರೆ ಬರೀ ಗಾಡಿ. ಮೋಟಾರು, ಸ್ಪೀಡ್ ಕಂಟ್ರೋಲರ್, ಸರ್ವೋ (ಸ್ಟೀರಿಂಗ್ ತಿರುಗಿಸುವ ಚಿಕ್ಕ ಮೋಟಾರು), ಬ್ಯಾಟರಿ, ರೇಡಿಯೊ ಎಲ್ಲಾ ಬೇರೆ. ಫೋರ್ ವೀಲ್‌ಗೆ 550 ಸೈಜಿನ ನಾಲ್ಕು ಪೋಲ್ ಮೋಟಾರು, ಗಟ್ಟಿ ಸರ್ವೋ ಬೇಕು. ಅವೆಲ್ಲ ಸೇರಿದರೆ ಕಿಟ್ಟಿನ ಬೆಲೆಯಷ್ಟೇ ಇನ್ನೊಂದು ಖರ್ಚು. 600 ಡಾಲರಿಗೆ ಮುಗಿಯಲ್ಲ.

ಹಾಸನ್_ಫ್ರಿಸ್ಕೊ:

ಅಕ್ಕ, ತುಂಬಾ ಸ್ಪಷ್ಟವಾಯಿತು. ಸ್ಪೆಕ್ ಸ್ಲ್ಯಾಶ್ ಅಂತ ತೀರ್ಮಾನ ಮಾಡಿದೆವು. ಬಾಡಿಗೆ ಕಿಂಡಿ ಮಾಡಿ ಆಯ್ತು. ಮಗ ಹಿಂದಿನ ಕಿಟಕಿ ಕತ್ತರಿಸಿದ, ನಾನು ಪಕ್ಕದ್ದು. ಮೂತಿ ಏಳೋದು ಎಷ್ಟೋ ಕಮ್ಮಿಯಾಗಿದೆ, ನಂಬೋಕೇ ಆಗ್ತಿಲ್ಲ! ಆದರೆ ದೊಡ್ಡ ಜಂಪ್ ಇಳಿದಾಗ ಟ್ರಕ್ಕು ನೆಲಕ್ಕೆ ಬಡಿದು ಮತ್ತೆ ಪುಟಿಯುತ್ತೆ. ಶಾಕ್ ಆಯಿಲ್ ದಪ್ಪ ಮಾಡಬೇಕಾ?

ಕೆಮ್ಮಣ್ಣು:

ದಪ್ಪ ಮಾಡೋಕೆ ಮುಂಚೆ, ನಾಲ್ಕೂ ಶಾಕ್ ಒಂದೇ ಥರ ಇವೆಯಾ ನೋಡಿ. ಡಬ್ಬಿಯಿಂದ ಬಂದ ಟ್ರಕ್ಕಿನಲ್ಲಿ, ಅದರಲ್ಲೂ ಬೀದಿಯಲ್ಲಿ ಓಡಿದ ಟ್ರಕ್ಕಿನಲ್ಲಿ, ಒಂದರಲ್ಲಿ ಆಯಿಲ್ ಸೋರಿ ಅರ್ಧ ಆಗಿರುತ್ತೆ. ಬಿಚ್ಚಿ, ಸ್ಪ್ರಿಂಗ್ ತೆಗೆದು, ಕೈಯಲ್ಲಿ ನಿಧಾನ ಒತ್ತಿ ಬಿಡಿ. ಒಳಗೆ ಗುಳುಗುಳು ಸದ್ದು ಬಂದರೆ ಗಾಳಿ ಸೇರಿದೆ ಅಂತ ಅರ್ಥ.

ತುಂಬಿಸುವಾಗ ಅವಸರ ಬೇಡ. ಹಳೇ ಆಯಿಲ್ ಚೆಲ್ಲಿ, ಒಳಗೆ ಬಟ್ಟೆಯಿಂದ ಒರೆಸಿ. ರಾಡ್ ಪೂರ್ತಿ ಕೆಳಗೆ ಎಳೆದು ಇಟ್ಟು, ಅಂಚಿನ ತನಕ ಹೊಸ ಆಯಿಲ್ ಹಾಕಿ. ಪಿಸ್ಟನ್‌ ಅನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಪಿಸ್ಟನ್ ತೂತುಗಳಿಂದ ಗುಳ್ಳೆ ಎದ್ದು ಮೇಲೆ ಬರುತ್ತೆ. ಆಯಿಲ್ ಒಳಗೇ ಪಿಸ್ಟನ್ ಮುಳುಗಿರಲಿ, ಮೇಲೆ ಎಳೆದರೆ ಮತ್ತೆ ಗಾಳಿ ನುಂಗುತ್ತೆ. ಐದಾರು ನಿಮಿಷ ನಿಲ್ಲಿಸಿ ಇಡಿ, ಸಣ್ಣ ಗುಳ್ಳೆಗಳೂ ಹೋಗುತ್ತವೆ. ಆಮೇಲೆ ರಾಡ್ ಸ್ವಲ್ಪ ಒಳಗೆ ತಳ್ಳಿ, ಮುಚ್ಚಳ ಓರೆಯಾಗಿ ಇಟ್ಟು ತಿರುಗಿಸಿ. ಹೆಚ್ಚಿನ ಆಯಿಲ್ ಪಕ್ಕದಿಂದ ಹೊರಗೆ ಬಂದರೆ ಸರಿಯಾಗಿದೆ. ಎಡ, ಬಲ ಎರಡನ್ನೂ ಎರಡು ಕೈಯಲ್ಲಿ ಹಿಡಿದು ಒಟ್ಟಿಗೆ ಒತ್ತಿ ಬಿಡಿ. ಎರಡೂ ಒಂದೇ ವೇಗದಲ್ಲಿ ವಾಪಸ್ ಬರಬೇಕು.

ಇದಾದ ಮೇಲೂ ಬಡಿದರೆ ಒಂದು ಮೆಟ್ಟಿಲು ದಪ್ಪ ಆಯಿಲ್. 30 ವೇಯ್ಟ್ ಇದ್ದರೆ 35. ನಿಮ್ಮ ಟೆಕ್ಸಾಸ್ ಬೇಸಿಗೆಯಲ್ಲಿ ಹೊರಗಿನ ಟ್ರ್ಯಾಕಿಗೆ ಹೋಗೋದಾದರೆ ಇನ್ನೂ ಒಂದು ಮೆಟ್ಟಿಲು, ಬಿಸಿಗೆ ಆಯಿಲ್ ತೆಳುವಾಗುತ್ತೆ. ಎತ್ತರ ನೋಡುವಾಗ ಬ್ಯಾಟರಿ, ಬಾಡಿ ಎಲ್ಲಾ ಹಾಕಿ, ಒಂದು ಅಡಿ ಮೇಲಿಂದ ಕೈಬಿಟ್ಟು ನೋಡಿ. ಹಿಂದಿನ ಆರ್ಮ್‌ಗಳು ನೆಲಕ್ಕೆ ಹತ್ತಿರ ಹತ್ತಿರ ಸಮಾನಾಂತರವಾಗಿ ನಿಂತರೆ ಸಾಕು. ಮಗುಚೋದು ಕಮ್ಮಿಯಾಗಬೇಕಂದ್ರೆ ಇನ್ನೂ ಸ್ವಲ್ಪ ಇಳಿಸಿ. ಹಳೇ ಛಾಸಿಯಲ್ಲಿ ಬ್ಯಾಟರಿ ಎತ್ತರದಲ್ಲಿ ಕೂರುವುದರಿಂದಲೇ ಆ ಮಗುಚೋದು. ತೂಕವನ್ನು ಕೆಳಗೆ ತರುವ ಎಲ್‌ಸಿಜಿ ಛಾಸಿ ಸಿಗುತ್ತೆ, ಆದರೆ ನಿಮ್ಮ ನಿಯಮದಲ್ಲಿ ನಡೆಯಲ್ಲ ಅನ್ನೋದು ಮರೀಬೇಡಿ.

ಪಿನಿಯನ್_ಪುಟ್ಟ:

ಗಾಳಿಯಲ್ಲಿ ಟ್ರಕ್ಕನ್ನು ಸರಿಪಡಿಸೋದೂ ಕಲೀರಿ ಹಾಸನ್. ಹಾರುವಾಗ ಮೂತಿ ಕೆಳಗಾಗಿದ್ದರೆ ಥ್ರಾಟಲ್ ಒತ್ತಿ, ಹಿಂಚಕ್ರ ಜೋರಾಗಿ ತಿರುಗಿ ಮೂತಿ ಮೇಲೆ ಬರುತ್ತೆ. ಮೂತಿ ಮೇಲಾಗಿದ್ದರೆ ಬ್ರೇಕ್ ತಟ್ಟಿ, ಕೆಳಗೆ ಬರುತ್ತೆ. ಮಗನಿಗೆ ಹೇಳಿಕೊಡಿ, ಮಕ್ಕಳು ಇದನ್ನು ನಮಗಿಂತ ಬೇಗ ಹಿಡೀತಾರೆ.

ಮಲೆನಾಡಿನವಳು:

ಟಯರ್ ವಿಷಯ ಯಾರೂ ಮುಟ್ಟಲಿಲ್ಲ, ನಿಮ್ಮ ಕ್ಲಾಸಿಗೆ ಟಯರ್ ಗೊತ್ತು ಮಾಡಿರುವುದರಿಂದ ಚಿಕ್ಕದಾಗಿ ಹೇಳ್ತೀನಿ. ಶಾರ್ಟ್ ಕೋರ್ಸ್ ಚಕ್ರಕ್ಕೆ 2.2/3.0 ಅಂತ ಬರೆದಿರುತ್ತಾರೆ. ಹೊರಗಿನ ಅಂಚು 2.2 ಇಂಚು, ಒಳಗಿನ ಅಂಚು 3 ಇಂಚು. ಹಾಕುವಾಗ ತಿರುಗುಮುರುಗು ಮಾಡಬೇಡಿ. ಟೂ ವೀಲ್ ಸ್ಲ್ಯಾಶ್‌ನ ಮುಂದಿನ ರಿಮ್ಮಿಗೂ ಹಿಂದಿನದಕ್ಕೂ ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತೆ ಅನ್ನೋದು) ಬೇರೆ. ಬೇರೆ ಕಂಪನಿಯ ರಿಮ್ ಕೊಳ್ಳುವಾಗ ಅದನ್ನು ನೋಡಿಯೇ ತಗೊಳ್ಳಿ. 12 ಮಿಲಿಮೀಟರ್ ಹೆಕ್ಸ್ (ರಿಮ್ ಕೂರುವ ಆರು ಮೂಲೆಯ ತುಂಡು) ಹೊಂದುತ್ತೆ ಅಂದ ಮಾತ್ರಕ್ಕೆ ಆಫ್‌ಸೆಟ್ ಹೊಂದಬೇಕೆಂದಿಲ್ಲ.

ಅಂಟಿಸುವ ಮೊದಲು ರಿಮ್ಮಿನ ಅಂಚನ್ನೂ ಟಯರಿನ ಒಳ ಅಂಚನ್ನೂ ಸ್ಪಿರಿಟ್‌ನಲ್ಲಿ ಒರೆಸಿ. ಅಚ್ಚಿನ ಎಣ್ಣೆ ಇದ್ದರೆ ಅಂಟು ನಿಲ್ಲಲ್ಲ. ಒಳಗಿನ ಸ್ಪಂಜು ಸುತ್ತ ಸಮನಾಗಿ ಕೂತಿದೆಯಾ ಅಂತ ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಅಂಟು. ಟಯರ್ ಆರಿಸಲು ಸ್ವಾತಂತ್ರ್ಯ ಇರುವ ಕ್ಲಾಸಿಗೆ ಹೋದಾಗ ಒಂದೇ ಸಲಹೆ. ಆ ಟ್ರ್ಯಾಕಿನಲ್ಲಿ ಎ ಮೇನ್ (ಅತಿ ವೇಗದವರ ಫೈನಲ್) ಓಡಿಸುವವರ ಗಾಡಿಯ ಕೆಳಗೆ ಬಗ್ಗಿ ನೋಡಿ, ಅವರು ಹಾಕಿದ್ದನ್ನೇ ತಗೊಳ್ಳಿ. ಜೆಕಾನ್ಸೆಪ್ಟ್ಸ್‌ನವರ ಗೋಲ್ಡ್ ಕಾಂಪೌಂಡು ಒಳಾಂಗಣ ಜೇಡಿಮಣ್ಣಿಗೆ ಅಂತಲೇ ಮಾಡಿದ್ದು. ಹೊರಗಿನ ಒರಟು ನೆಲದಲ್ಲಿ ಅದು ಬೇಗ ಸವೆದುಹೋಗುತ್ತೆ.

ಹಾಸನ್_ಫ್ರಿಸ್ಕೊ:

ಶಾಕ್ ಬಿಚ್ಚಿ ನೋಡಿದೆ. ಹಿಂದಿನ ಎಡಗಡೆಯದರಲ್ಲಿ ಆಯಿಲ್ ಮುಕ್ಕಾಲು ಭಾಗ ಖಾಲಿ! ನಾಲ್ಕಕ್ಕೂ 35 ಹಾಕಿದೆವು. ಈಗ ಜಂಪ್ ಇಳಿದರೆ ಟ್ರಕ್ಕು ಕೂತ ಜಾಗದಲ್ಲೇ ಕೂರುತ್ತೆ. ಈ ಶುಕ್ರವಾರ ನಮ್ಮಿಬ್ಬರಲ್ಲಿ ಮಗ ಬಿ ಮೇನ್‌ಗೆ (ಎ ಮೇನ್ ಕೆಳಗಿನ ಫೈನಲ್) ಬಂದ.

ಕೊನೆಯದಾಗಿ ಒಂದು. ಇಲ್ಲಿ ಒಬ್ಬರು 17.5 ಕ್ಲಾಸಿನ ಹಳೇ ಎಸ್‌ಸಿ6.1 ಮಾರ್ತಿದ್ದಾರೆ, ಎಲೆಕ್ಟ್ರಾನಿಕ್ಸ್ ಸಮೇತ. ಮುಂದಿನ ವರ್ಷಕ್ಕೆ ಅಂತ ನೋಡ್ತಾ ಇದ್ದೇನೆ. ಸೆಕೆಂಡ್ ಹ್ಯಾಂಡ್ ಟ್ರಕ್ಕಿನಲ್ಲಿ ಏನೇನು ನೋಡಬೇಕು?

ಕೆಮ್ಮಣ್ಣು:

ಮಗನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ.

ಮೊದಲು ಛಾಸಿ ತಿರುಗಿಸಿ ತಳ ನೋಡಿ. ಗೀರು ಇರೋದು ಸಹಜ, ಸ್ಕ್ರೂ ತಲೆಗಳು ಸವೆದು ಚಪ್ಪಟೆಯಾಗಿದ್ದರೆ ಬಿಚ್ಚೋದೇ ಕಷ್ಟ. ಒಂದೊಂದು ಚಕ್ರವನ್ನೂ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ. ಸ್ವಲ್ಪ ಆಟ ಇರುತ್ತೆ. ಮುಂದಿನ ಚಕ್ರ ಎಡಬಲಕ್ಕೆ ಜಾಸ್ತಿ ಆಡಿದರೆ ಸ್ಟೀರಿಂಗ್ ಬೆಲ್‌ಕ್ರ್ಯಾಂಕಿನ ಬೇರಿಂಗೂ ಬಾಲ್ ಕಪ್‌ಗಳೂ (ಸ್ಟೀರಿಂಗ್ ಕೀಲುಗಳು) ಹೋಗಿವೆ. ಅದು ದೊಡ್ಡ ಖರ್ಚಲ್ಲ, ಆದರೆ ಬೆಲೆ ಇಳಿಸಿ ಕೇಳಲು ಕಾರಣ ಸಿಕ್ಕಿತು. ಶಾಕ್ ರಾಡ್‌ಗಳು ನೆಟ್ಟಗಿವೆಯಾ ಅಂತ ತಿರುಗಿಸಿ ನೋಡಿ. ಹಿಂದಿನ ಎರಡು ಚಕ್ರ ಹಿಡಿದು ಒಂದನ್ನು ಮುಂದಕ್ಕೆ ತಿರುಗಿಸಿ, ಇನ್ನೊಂದು ಹಿಂದಕ್ಕೆ ನುಣ್ಣಗೆ ತಿರುಗಬೇಕು. ಮಧ್ಯೆ ಕಚ್ಚಿದ ಹಾಗೆ ಆದರೆ ಡಿಫ್ ಒಳಗೆ ಏನೋ ಕೆಟ್ಟಿದೆ. ಬ್ಯಾಟರಿ ಉಬ್ಬಿದ್ದರೆ ಅದನ್ನು ಲೆಕ್ಕಕ್ಕೆ ಸೇರಿಸಲೇಬೇಡಿ, ಉಚಿತವಾಗಿ ಕೊಟ್ಟರೂ ಬೇಡ.

ಸ್ಪೀಡ್ ಕಂಟ್ರೋಲರ್ ಆನ್ ಮಾಡಿಸಿ, ಬ್ಲಿಂಕಿಯಲ್ಲಿ ಮಿಣುಕುತ್ತಾ ನೋಡಿ. ಮಿಣುಕದಿದ್ದರೆ ಆ ಮಾಡೆಲಿಗೆ ಬ್ಲಿಂಕಿ ಮೋಡ್ ಇದೆಯಾ ಅಂತ ಅವರ ಎದುರಿಗೇ ಸೆಟ್ಟಿಂಗ್ ತೆರೆಸಿ ನೋಡಿ. ಡಿಫ್ ಬಿಚ್ಚಿ ತೋರಿಸಲು ಅವರು ಒಪ್ಪದಿದ್ದರೆ, ಒಂದು ಹೊಸ ಡಿಫ್ ಸೆಟ್ಟಿನ ಬೆಲೆ ಕಳೆದು ಆಫರ್ ಕೊಡಿ.